ಉದ್ಯೋಗಸ್ಥರ ಸಂಶೋಧನ ವ್ಯಾಸಂಗ

ಉದ್ಯೋಗದಲ್ಲಿದ್ದುಕೊಂಡೇ ಉನ್ನತ ವ್ಯಾಸಂಗಕ್ಕೆ ಬರತಕ್ಕವರಲ್ಲಿ ಹಲವರು ತಮ್ಮ ಕೆಲಸವನ್ನು ಹೊರಗೇ ಬಿಟ್ಟು, ಪ್ರಬಂಧಕ್ಕೆ ವಿಷಯವನ್ನು ಗ್ರಂಥಾಲಯದಲ್ಲಿ ಅರಸುವುದನ್ನು ನಾವು ಕಾಣುತ್ತೇವೆ. ದಿನವೂ ಎದುರಾಗುವ ತೊಡಕು ಪಾಂಡಿತ್ಯಕ್ಕೆ ತಕ್ಕುದಲ್ಲವೆಂಬ ಸಂಕೋಚವೇ ಇದಕ್ಕೆ ಕಾರಣವೆಂದು ತೋರುತ್ತದೆ. ಈ ಸಂಕೋಚ ಸಲ್ಲದೆಂಬುದಕ್ಕೆ ಸಂಖ್ಯಾಶಾಸ್ತ್ರದ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವೊಂದುಂಟು.

ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ರಸಾಯನಶಾಸ್ತ್ರವನ್ನೂ ಓದಿದ ವಿಲಿಯಂ ಗಾಸೆಟ್ಟರು 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯನ್ನು ಸೇರಿದರು. ಜವೆಗೋಧಿಯ ಗುಣವನ್ನಾಗಲಿ ತಯಾರಿಕೆಯ ಕ್ರಮವನ್ನಾಗಲಿ ಅಲ್ಲಿ ಕೆಲವೇ ಮಾದರಿಗಳಿಂದ ನಿರ್ಧರಿಸಬೇಕಾಗಿತ್ತು. ಆಗಿನ ಶಾಸ್ತ್ರವಾದರೋ ದೊಡ್ಡ ಸಂಖ್ಯೆಯ ಅಳತೆಗಳನ್ನೇ ನೆಚ್ಚಿಕೊಂಡಿತ್ತು. ನಾಲ್ಕೈದು ಅಳತೆಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಈ ಪ್ರಶ್ನೆಯನ್ನು ಹೊತ್ತು ಅವರು 1906ರಲ್ಲಿ, ಕಾರ್ಖಾನೆಯ ಒಪ್ಪಿಗೆಯಿಂದಲೇ, ಒಂದು ವರ್ಷದ ಮಟ್ಟಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ, ಕಾರ್ಲ್ ಪಿಯರ್ಸನ್ನರ ಬಳಿಗೆ ಹೋದರು. ಪದವಿಯೊಂದನ್ನು ಗಳಿಸಲು ಹೋದವರಲ್ಲವೆಂಬುದನ್ನೂ ಹೇಳಬೇಕು. ಸಣ್ಣ ಮಾದರಿಗಳಲ್ಲಿ ಪಿಯರ್ಸನ್ನರಿಗೆ ಹೆಚ್ಚಿನ ಆಸಕ್ತಿಯಿರಲಿಲ್ಲ. ಆದರೂ ಗಣಿತದ ನೆರವಿಗೆ ಅವರು ಕೊರತೆ ಮಾಡಲಿಲ್ಲ.

ತಾವು ಕಂಡ ಸೂತ್ರವನ್ನು ಗಾಸೆಟ್ಟರು ಒರೆಗೆ ಹಚ್ಚಿದ ಬಗೆ ಸ್ವಾರಸ್ಯವಾದುದು. 3000 ಮಂದಿ ಅಪರಾಧಿಗಳ ಎತ್ತರವನ್ನೂ ಎಡಗೈ ನಡುಬೆರಳಿನ ಉದ್ದವನ್ನೂ ರಟ್ಟಿನ ತುಂಡುಗಳ ಮೇಲೆ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಮಾದರಿಗಳಾಗಿ ವಿಂಗಡಿಸಿದರು. ಉದಾಹರಣೆಗಳಲ್ಲಿ ಒಂದನ್ನು 10 ಮಂದಿ ರೋಗಿಗಳ ಮೇಲಿನ ನಿದ್ರೌಷಧದ ಪ್ರಯೋಗದಿಂದ ಆಯ್ದುಕೊಂಡರು. ನೌಕರರು ತಮ್ಮ ಹೆಸರಿನಲ್ಲಿ ಬರೆಹಗಳನ್ನು ಪ್ರಕಟಿಸುವುದಕ್ಕೆ ಕಾರ್ಖಾನೆಯ ಸಮ್ಮತಿಯಿರಲಿಲ್ಲವಾಗಿ, 1908ರ 'ಬಯೊಮೆಟ್ರಿಕಾ' ಪತ್ರಿಕೆಯಲ್ಲಿ ಲೇಖನವು 'ಸ್ಟೂಡೆಂಟ್' ಎಂಬ ಅಂಕಿತದಿಂದ ಹೊರಬಂದಿತು. ಮುಂದೆ ಫಿಶರರು ಅದಕ್ಕೆ ಕಟ್ಟುನಿಟ್ಟಾದ ಸಾಧನೆಯನ್ನು ಒದಗಿಸಿದರು.

ಇಂದಿನ ಅಭ್ಯರ್ಥಿಗೆ ಅತ್ಯಂತ ಕಠಿನವಾದುದು ಈ ಗೋಪ್ಯದ ಪ್ರಶ್ನೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನಾಲಯಗಳ ನೌಕರರಿಗೆ ಬಾಹ್ಯ ನೋಂದಣಿಯ ಸೌಕರ್ಯವುಂಟು. ಸಂಸ್ಥೆಯಲ್ಲೊಬ್ಬರು, ಉದ್ಯೋಗಸ್ಥಳದಲ್ಲೊಬ್ಬರು ಮಾರ್ಗದರ್ಶಕರಿರುತ್ತಾರೆ. ಇಂಥ ವ್ಯವಸ್ಥೆಯಲ್ಲಿಯೂ, ಪ್ರಬಂಧವೆಂಬುದು ಪರೀಕ್ಷಕರ ಮುಂದೆ ಬಿಚ್ಚಿಡತಕ್ಕದ್ದಾದುದರಿಂದ, ಯಾವ ಅಂಕಿಗಳನ್ನು ಹೊರಗೆಡಹಬಹುದೆಂಬುದನ್ನು ನೋಂದಣಿಗೆ ಮೊದಲೇ ಬರೆಹದಲ್ಲಿ ಇತ್ಯರ್ಥಮಾಡಿಕೊಳ್ಳುವುದು ಒಳಿತು. ಮೂರು ವರ್ಷ ದುಡಿದಮೇಲೆ ಅನುಮತಿ ದೊರೆಯದೆ ಹೋದರೆ ಅಭ್ಯರ್ಥಿಗೆ ಗತಿಯಿಲ್ಲ. ಅಂಕಿಗಳು ದೊರೆಯದಿದ್ದಲ್ಲಿ ವಿಧಾನವನ್ನು ಬೇರ್ಪಡಿಸಿ, ಅನ್ಯತ್ರ ಪ್ರಕಟವಾದ ಅಳತೆಗಳ ಮೇಲೆ ಪರೀಕ್ಷಿಸಬಹುದು; ಗಾಸೆಟ್ಟರಿಗೆ ಬೆರಳುಗಳ ಅಳತೆ ಸಾಕಾಯಿತು. ಆದರೆ ಅವರಿಗೆ ದೊರೆತ ಆ ಒಂದು ವರ್ಷದ ಬಿಡುವಿಗೆ ಮಾತ್ರ ಬದಲಿಲ್ಲ. ರಜೆಯನ್ನು ಕೊಡದೆ ಪ್ರಮಾಣಪತ್ರವನ್ನಷ್ಟೇ ಬಯಸುವ ಮೇಲಧಿಕಾರಿಗಳಿಗೆ ಇದನ್ನು ಅಭ್ಯರ್ಥಿಗಳು ತಾವೇ ಹೇಳಲಾರರು; ನಾವು ಹೇಳಬೇಕಾಗಿದೆ.