ನಮ್ಮ ನೆಲದ ಮದ್ದು, ನಮ್ಮ ಹಿತ್ತಲಲ್ಲಿ

ಆಯುರ್ವೇದವು ನೆಲವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ನೀರು ಹೆಚ್ಚಾಗಿ ಗಿಡಮರಗಳು ದಟ್ಟವಾಗಿರುವುದು ಆನೂಪ. ಮಳೆ ಕಡಿಮೆಯಾಗಿ, ಬಿಸಿಲು ಗಾಳಿಗಳು ಪ್ರಬಲವಾಗಿ, ಮರಗಳು ವಿರಳವಾಗಿರುವುದು ಜಾಂಗಲ. ಇವೆರಡರ ನಡುವಿನದು ಸಾಧಾರಣ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ನಮ್ಮ ವಿಜಯಪುರ ಸೀಮೆ ಜಾಂಗಲ ದೇಶಕ್ಕೆ ಒಳ್ಳೆಯ ಉದಾಹರಣೆ. ಮಮದಾಪುರದ ಕೆರೆಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ (1627–1656) ಅಷ್ಟು ದೊಡ್ಡ ಕೆರೆಗಳನ್ನು ಕಟ್ಟಿಸಬೇಕಾದದ್ದು ಇಲ್ಲಿ ನೀರು ದುರ್ಲಭವಾಗಿದ್ದುದರಿಂದಲೇ.

ಜಾಂಗಲ ದೇಶವೆಂದರೆ ಬಡ ನೆಲವೆಂದು ತಿಳಿಯಬಾರದು. ಔಷಧಿಯ ಸಸ್ಯಗಳನ್ನು ಜಾಂಗಲ ಅಥವಾ ಸಾಧಾರಣ ದೇಶದಿಂದಲೇ ಸಂಗ್ರಹಿಸಬೇಕೆಂದು ನಮ್ಮ ಸಂಹಿತೆಗಳು ಹೇಳುತ್ತವೆ. ಒಬ್ಬ ವ್ಯಕ್ತಿ ಯಾವ ನೆಲದಲ್ಲಿ ಹುಟ್ಟಿ ಬೆಳೆದಿರುವನೋ ಆ ನೆಲದ ಔಷಧವೇ ಅವನಿಗೆ ಹಿತವೆಂಬುದೂ ಆಯುರ್ವೇದದ ಹಳೆಯ ನಂಬುಗೆ. ದಶಮೂಲದ ಹತ್ತು ಸಸ್ಯಗಳಲ್ಲಿ ನೆಗ್ಗಿಲು, ನೆಲಗುಳ್ಳ ಎಂಬೆರಡು ನಮ್ಮ ಹೊಲದ ಬದುಗಳಲ್ಲಿಯೇ ಯಾರ ಆರೈಕೆಯೂ ಇಲ್ಲದೆ ಬೆಳೆಯುತ್ತಿದ್ದವು.

ಬದುವಿನಿಂದ ಹಿತ್ತಲಿಗೆ ಏಕೆ?

ಕೃಷ್ಣೆಯ ನೀರು ಏತ ನೀರಾವರಿಯ ಮೂಲಕ ಈ ಸೀಮೆಗೆ ಬಂದಿರುವುದು ರೈತರ ಪಾಲಿಗೆ ದೊಡ್ಡ ಭಾಗ್ಯ. ತಿಕೋಟಾ, ಬಬಲೇಶ್ವರ ಭಾಗದಲ್ಲಿ ಇಂದು ದ್ರಾಕ್ಷಿ, ದಾಳಿಂಬೆ, ಕಬ್ಬು ತುಂಬಿವೆ. ಆದರೆ ಬೆಳೆಗೆ ಹೊಡೆಯುವ ಕೀಟನಾಶಕ, ಶಿಲೀಂಧ್ರನಾಶಕಗಳು ಗಾಳಿಯಲ್ಲಿ ಹಾರಿ ಬದುವಿನ ತುಂಬೆ, ಉತ್ತರಾಣಿಗಳ ಮೇಲೂ ಬೀಳುತ್ತವೆ. ಕಳೆನಾಶಕವಂತೂ ಅವುಗಳನ್ನು ಬುಡಸಹಿತ ಒಣಗಿಸುತ್ತದೆ. ಅವು ಅಳಿದ ಜಾಗಕ್ಕೆ ಅಮೆರಿಕ ಖಂಡದಿಂದ ಬಂದ ಕಾಂಗ್ರೆಸ್ ಹುಲ್ಲು, ಬಳ್ಳಾರಿ ಜಾಲಿಗಳು ನುಗ್ಗುತ್ತವೆ. ಕಾಂಗ್ರೆಸ್ ಹುಲ್ಲು ಚರ್ಮದ ತುರಿಕೆಗೂ ಉಬ್ಬಸಕ್ಕೂ ಕಾರಣವಾಗಬಲ್ಲದು.

ಸ್ಮಶಾನ, ಹುತ್ತ, ಕಲುಷಿತವಾದ ಜಾಗಗಳಲ್ಲಿ ಬೆಳೆದ ಸಸ್ಯವನ್ನು ಔಷಧಿಗೆ ತರಬಾರದೆಂದು ಹಿರಿಯರು ವಿಧಿಸಿದ್ದರು. ಆ ವಿಧಿಯ ತಿರುಳನ್ನು ಗ್ರಹಿಸಿದರೆ, ವಿಷ ಸಿಂಪಡಿಸಿದ ತೋಟದ ಬದಿಯ ಸೊಪ್ಪನ್ನೂ ಇಂದು ಅದೇ ಸಾಲಿಗೆ ಸೇರಿಸಬೇಕು. ಆದ್ದರಿಂದ ಹಿಂದೆ ಬದುವಿನಲ್ಲಿ ತಾನಾಗಿ ದೊರೆಯುತ್ತಿದ್ದುದನ್ನು ಈಗ ಹಿತ್ತಲಿನಲ್ಲಿ ನಾವೇ ಬೆಳೆಸಿಕೊಳ್ಳುವುದು ಅಗತ್ಯವಾಗಿದೆ.

ಯಾವುವನ್ನು ನೆಡಬೇಕು?

ಬಿಲ್ವ: ಲಿಂಗಪೂಜೆಗೆ ಪತ್ರೆ ಬೇಕಾದ ಮನೆಯಲ್ಲಿ ಬಿಲ್ವದ ಗಿಡವೊಂದು ಇರುವುದು ಉಚಿತ. ಒಮ್ಮೆ ಬೇರೂರಿದರೆ ಬರವನ್ನೂ ತಾಳಿಕೊಳ್ಳುತ್ತದೆ. ಎಳೆಯ ಕಾಯಿಯ ತಿರುಳು ಭೇದಿಯನ್ನು ಕಟ್ಟುತ್ತದೆ. ಪಕ್ವವಾದ ಹಣ್ಣು ಮಲವನ್ನು ಸಡಿಲಿಸುತ್ತದೆ. ಒಂದೇ ಮರದ ಕಾಯಿಗೂ ಹಣ್ಣಿಗೂ ಇರುವ ಈ ವ್ಯತ್ಯಾಸವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಗೋಡೆಯಿಂದ ಹತ್ತು ಅಡಿಯಾದರೂ ದೂರದಲ್ಲಿ ನೆಡಿರಿ.

ಬೇವು ಮತ್ತು ಅಮೃತಬಳ್ಳಿ: ಬೇವಿನ ಮರಕ್ಕೆ ಹಬ್ಬಿದ ಅಮೃತಬಳ್ಳಿಯನ್ನು ವೈದ್ಯರು ಶ್ರೇಷ್ಠವೆಂದು ಎಣಿಸುತ್ತಾರೆ. ಹೆಬ್ಬೆರಳು ಗಾತ್ರದ ಕಾಂಡದ ತುಂಡನ್ನು ಮಳೆಗಾಲದ ಆರಂಭದಲ್ಲಿ ಮರದ ಬುಡದಲ್ಲಿ ಊರಿದರೆ ಸಾಕು, ಚಿಗುರುತ್ತದೆ. ಜಾಗ ಕಿರಿದಾದವರು ಬೇವಿನ ಬದಲು ಗಟ್ಟಿಯಾದ ಚಪ್ಪರಕ್ಕೆ ಹಬ್ಬಿಸಬಹುದು.

ಆಡುಸೋಗೆ: ಇದನ್ನು ಬೇಲಿಯಾಗಿಯೂ ಬೆಳೆಸಬಹುದು. ಕಹಿಯಾದ್ದರಿಂದ ಆಡು ಇದನ್ನು ಮೇಯುವುದಿಲ್ಲ. ಇದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ದ್ರವ್ಯವನ್ನು ಆಧರಿಸಿಯೇ ಕೆಮ್ಮಿನ ಸಿರಪ್‌ಗಳಲ್ಲಿ ಬಳಸುವ ಬ್ರೋಮ್‌ಹೆಕ್ಸಿನ್ ರೂಪುಗೊಂಡಿತು.

ಲಕ್ಕಿ: ಎಲೆಗಳನ್ನು ಕುದಿಸಿದ ನೀರಿನ ಶಾಖವು ಕೀಲುನೋವಿಗೆ ಹಿತಕರ. ಒಣಗಿದ ಎಲೆಗಳನ್ನು ಕಾಳಿನ ಚೀಲದಲ್ಲಿಟ್ಟರೆ ಹುಳುವಿನ ಬಾಧೆ ತಗ್ಗುತ್ತದೆ.

ತುಂಬೆ, ತುಳಸಿ, ಒಂದೆಲಗ: ಇವುಗಳಿಗೆ ದೊಡ್ಡ ಜಾಗ ಬೇಡ. ತುಂಬೆ ಮಳೆಗಾಲದಲ್ಲಿ ಬೀಜದಿಂದ ತಾನೇ ಹುಟ್ಟುತ್ತದೆ. ಅದನ್ನು ಕಳೆಯೆಂದು ಕೀಳದಿದ್ದರೆ ಸಾಕು. ಒಂದೆಲಗಕ್ಕೆ ಮಾತ್ರ ನೆರಳೂ ತೇವವೂ ಬೇಕು. ಕುಡಿಯುವ ನೀರಿನ ಹೂಜಿಯ ಕೆಳಗೆ ಕುಂಡದಲ್ಲಿ ಬೆಳೆಸಬಹುದು.

ಲೋಳೆಸರ, ದೊಡ್ಡಪತ್ರೆಗಳನ್ನು ಅನೇಕರು ದೇಶೀಯವೆಂದೇ ಭಾವಿಸಿದ್ದಾರೆ. ಲೋಳೆಸರದ ಮೂಲ ಅರಬಸ್ಥಾನ, ದೊಡ್ಡಪತ್ರೆಯ ಮೂಲ ಆಫ್ರಿಕಾ ಎಂದು ಸಸ್ಯಶಾಸ್ತ್ರಜ್ಞರು ಗುರುತಿಸುತ್ತಾರೆ. ಇವು ಉಪಕಾರಿಗಳು, ಜಾಲಿಯಂತೆ ನೆಲವನ್ನು ಆಕ್ರಮಿಸುವಂಥವಲ್ಲ. ಇವುಗಳನ್ನು ಕಿತ್ತೊಗೆಯಬೇಕಾಗಿಲ್ಲ.

ನೆಡುವ ಕ್ರಮ

ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ನೀರನ್ನು ಹಿಡಿದಿಟ್ಟು ಬೇರು ಕೊಳೆಸುತ್ತದೆ. ಆದುದರಿಂದ ಬಿಲ್ವ, ಬೇವುಗಳಿಗೆ ಎರಡು ಅಡಿ ಉದ್ದ, ಅಗಲ, ಆಳದ ಗುಣಿಯನ್ನು ಬೇಸಿಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಡಿರಿ. ತೋಡಿದ ಮಣ್ಣಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಗರಸು ಬೆರೆಸಿ ತುಂಬಿರಿ. ಮೃಗಶಿರ, ಆರಿದ್ರಾ ಮಳೆಗಳು ಬಿದ್ದು ನೆಲ ನೆನೆದ ಮೇಲೆ ಸಸಿ ನೆಡಿರಿ. ಬುಡಕ್ಕೆ ಒಣ ಹುಲ್ಲು, ಎಲೆಗಳನ್ನು ಹೊದಿಸಿರಿ. ಮೊದಲ ಎರಡು ಬೇಸಿಗೆ ಕಾಪಾಡಿದರೆ ಮುಂದೆ ಗಿಡವೇ ತನ್ನನ್ನು ಕಾಯ್ದುಕೊಳ್ಳುತ್ತದೆ. ತಳದಲ್ಲಿ ಸಣ್ಣ ರಂಧ್ರವಿರುವ ಮಣ್ಣಿನ ಗಡಿಗೆಯನ್ನು ಬುಡದ ಬಳಿ ಹೂತು ನೀರು ತುಂಬಿಸುವುದು ಕಡಿಮೆ ನೀರಿನ ಉಪಾಯ. ಬಚ್ಚಲ ನೀರನ್ನು ಮರಗಳಿಗೆ ಬಿಡಬಹುದು; ಎಲೆ ತಿನ್ನುವ ತುಳಸಿ, ಒಂದೆಲಗಗಳಿಗೆ ಬಿಡಬಾರದು.

ಬಳಸುವ ಮುನ್ನ

ಹಿತ್ತಲಿನ ಗಿಡವೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ. ಮೊದಲ ಎಚ್ಚರಿಕೆ ಗುರುತಿನದು. ಕೊರೋನಾ ಕಾಲದಲ್ಲಿ ಅಮೃತಬಳ್ಳಿಯ ಬಳಕೆ ಬಹಳ ಹೆಚ್ಚಿತು. ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ನಿಜವಾದ ಅಮೃತಬಳ್ಳಿ ಸುರಕ್ಷಿತ, ಆದರೆ ಅದನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿ ಹಾನಿಕರವಾಗಬಹುದು ಎಂದು ಆಯುಷ್ ಸಚಿವಾಲಯವು 2022ರಲ್ಲಿ ಸ್ಪಷ್ಟಪಡಿಸಿತು. ಆ ಹೋಲುವ ಬಳ್ಳಿಯ ಕಾಂಡ ಬೂದು ಬಣ್ಣದ್ದು, ಮೈತುಂಬ ಗಂಟುಗಂಟಾದ ಗುಳ್ಳೆಗಳಿರುತ್ತವೆ. ಅಮೃತಬಳ್ಳಿಯ ಕಾಂಡದಲ್ಲಿ ಅಂಥ ಗುಳ್ಳೆಗಳಿರುವುದಿಲ್ಲ. ಮೇಲಿನ ತೆಳುಸಿಪ್ಪೆ ಕಾಗದದಂತೆ ಸುಲಿಯುತ್ತದೆ, ಒಳಗೆ ಹಸಿರು ಕಾಣುತ್ತದೆ. ಸಂದೇಹವಿದ್ದರೆ ವೈದ್ಯರಿಗೆ ತೋರಿಸದೆ ನೆಡಬೇಡಿರಿ. ನಿಜವಾದ ಬಳ್ಳಿಯೇ ಆದರೂ ಯಕೃತ್ತಿನ ವ್ಯಾಧಿ ಇರುವವರು ತಾವಾಗಿ ಸೇವಿಸಬಾರದು. ಇದು ರಕ್ತದ ಸಕ್ಕರೆಯನ್ನು ಇಳಿಸಬಹುದಾದ್ದರಿಂದ ಮಧುಮೇಹದ ಮಾತ್ರೆ ನುಂಗುವವರು ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು.

ಎರಡನೆಯ ಎಚ್ಚರಿಕೆ ಅವಸ್ಥೆಯದು. ಆಡುಸೋಗೆ ಗರ್ಭಾಶಯವನ್ನು ಸಂಕೋಚಿಸುವ ಗುಣವುಳ್ಳದ್ದು; ಗರ್ಭಿಣಿಯರು ಸೇವಿಸಬಾರದು. ಎಕ್ಕೆಯ ಹೂ ಶಿವನಿಗೆ ಪ್ರಿಯವಾದುದು, ಆದರೆ ಅದರ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೆ ಅಪಾಯ. ಹೂ ಬಿಡಿಸಿದ ಕೈಯನ್ನು ತೊಳೆಯದೆ ಕಣ್ಣುಜ್ಜದಿರಿ. ಮಕ್ಕಳ ಕೈಗೆ ಕೊಡದಿರಿ. ಹಾಲು ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ಬಹಳ ಹೊತ್ತು ತೊಳೆದು ಕೂಡಲೇ ನೇತ್ರವೈದ್ಯರಲ್ಲಿಗೆ ಹೋಗಬೇಕು.

ಮೂರನೆಯದು ಕಾಲಮಿತಿ. ಸಾಮಾನ್ಯ ಕೆಮ್ಮಿಗೆ ವಯಸ್ಕರು ಆಡುಸೋಗೆಯ ಎಲೆಯ ರಸವನ್ನು ಎರಡು ಚಮಚೆಯಷ್ಟು ಜೇನಿನೊಡನೆ ಎರಡು ಮೂರು ದಿನ ಸೇವಿಸಬಹುದು. ಆದರೆ ಕೆಮ್ಮು ಎರಡು ವಾರ ಮೀರಿದರೆ ಕಫ ಪರೀಕ್ಷೆ ಮಾಡಿಸಲೇಬೇಕು. ಕ್ಷಯರೋಗದ ತಪಾಸಣೆಯೂ ಚಿಕಿತ್ಸೆಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ಜ್ವರ ಮೂರು ದಿನ ಮೀರಿದರೆ ಕಷಾಯವನ್ನೇ ನಂಬಿ ಕೂರದೆ ರಕ್ತಪರೀಕ್ಷೆ ಮಾಡಿಸಿರಿ. ಹಿತ್ತಲಿನ ಮದ್ದು ರೋಗದ ಮೊದಲ ಮೆಟ್ಟಿಲಿನಲ್ಲಿ ನೆರವಾಗುವಂಥದು. ವೈದ್ಯರ ಬಳಿಗೆ ಹೋಗುವುದನ್ನು ತಡಮಾಡಲು ಅದು ಕಾರಣವಾಗಬಾರದು.

ಸದ್ಭಕ್ತರು ಎಲ್ಲವನ್ನೂ ಒಮ್ಮೆಲೇ ನೆಡಲು ಹೊರಡಬೇಕಾಗಿಲ್ಲ. ಈ ಮುಂಗಾರಿನಲ್ಲಿ ಎರಡು ಗಿಡಗಳನ್ನು ಆರಿಸಿಕೊಂಡು, ಅವುಗಳ ಎಲೆ, ಹೂ, ಕಾಯಿಗಳನ್ನು ಮನೆಯ ಮಕ್ಕಳಿಗೆ ಗುರುತಿಸಲು ಕಲಿಸಿರಿ. ಗಿಡ ದೊಡ್ಡದಾದ ಮೇಲೆ ನೆರೆಮನೆಯವರಿಗೂ ಒಂದು ಕಡ್ಡಿಯನ್ನೋ ಹಿಡಿ ಬೀಜವನ್ನೋ ಕೊಡಿರಿ. ನೀರೆರೆಯುವುದು ಕಾಯಕವಾದರೆ, ಬೆಳೆದುದನ್ನು ಹಂಚುವುದು ದಾಸೋಹ.