ರೈಲು ಹತ್ತಿದ ಮೂಳೆ, ಹಸಿದ ಹುಲ್ಲು

ಸಲಿಕೆಯನ್ನು ಬೂಟುಗಾಲಿನಿಂದ ಒತ್ತಿ, ಎರಡು ಸಲ ಅಲ್ಲಾಡಿಸಿ, ಅಜ್ಜ ಒಂದು ಹೆಂಟೆ ಎತ್ತಿ ನನ್ನ ಅಂಗೈ ಮೇಲಿಟ್ಟರು. ಮಣ್ಣೇನೋ ಹೌದು, ಆದರೆ ಹಿಡಿದರೆ ತೆಂಗಿನನಾರಿನ ಕಾಲೊರಸಿನ ಹಾಗಿತ್ತು. ಬೆರಳು ತೂರಿಸಿ ಬಿಡಿಸಲು ನೋಡಿದೆ, ಜಪ್ಪಯ್ಯ ಅನ್ನಲಿಲ್ಲ. ಇಪ್ಪತ್ತು ವರ್ಷದಿಂದ ಉಳದೆ ಬಿಟ್ಟ ಬ್ರೋಮ್ ಹುಲ್ಲಿನ ಬೇರು ಒಂದಕ್ಕೊಂದು ಹೆಣೆದುಕೊಂಡು ಚಾಪೆಯಾಗಿತ್ತು. ಇಂಥ ಹುಲ್ಲುಗಾವಲಿಗೆ ಅಲ್ಲಿನವರು ‘ಸಾಡ್ ಬೌಂಡ್’ ಅನ್ನುತ್ತಾರೆ. ತನ್ನ ಬೇರಿಗೆ ತಾನೇ ಸೆರೆ ಸಿಕ್ಕ ಹುಲ್ಲು.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಸ್ವಿಫ್ಟ್ ಕರೆಂಟ್ ಊರಿನ ಆಚೆ ಅಜ್ಜನ ಹೊಲ. ಒಣಭೂಮಿ ಬೇಸಾಯಕ್ಕೆಂದು ಅಲ್ಲಿನ ಸರ್ಕಾರ 1920ರಲ್ಲಿ ತೆರೆದ ಸಂಶೋಧನಾ ಕೇಂದ್ರ ಇರುವುದು ಇದೇ ಊರಲ್ಲಿ. ವರ್ಷಕ್ಕೆ ಸುಮಾರು 350 ಮಿ.ಮೀ. ಮಳೆ, ಅದರಲ್ಲೂ ಒಂದು ಪಾಲು ಹಿಮ. ಅಂಥಲ್ಲಿ ಹುಲ್ಲಿಗೆ ಗೊಬ್ಬರ ಹಾಕುವುದೇ ಒಂದು ಕಸುಬು ಅಂದರೆ ನಮ್ಮಲ್ಲಿ ನಗುತ್ತಾರೇನೋ. ನಾನೂ ನಕ್ಕಿದ್ದೆ.

ಪ್ರೇರಿ ಎಂಬ ಈ ಹುಲ್ಲುಬಯಲಿನ ಕಪ್ಪುಮಣ್ಣು ಅಂದ ಕೂಡಲೇ ನಮಗೆ ಎರೆಹೊಲ ನೆನಪಾಗುತ್ತದೆ. ಅದಲ್ಲ ಇದು. ಚೆರ್ನೋಜೆಮ್ ಎಂಬ ಈ ಮಣ್ಣಿನ ಬಣ್ಣ ಸಾವಿರಾರು ವರ್ಷ ಸತ್ತು ಕೊಳೆತ ಹುಲ್ಲಿನ ಬೇರಿನದು. ಒಣಗಾಳಿಯ ಸ್ವಿಫ್ಟ್ ಕರೆಂಟ್ ಕಡೆ ಕಂದು, ಮಳೆ ಹೆಚ್ಚಿದಂತೆ ಕಪ್ಪು. ಹೆಕ್ಟೇರಿಗೆ ಟನ್ನುಗಟ್ಟಲೆ ಸಾರಜನಕ ಅದರಲ್ಲೇ ಅಡಗಿದೆ. ಆದರೂ ಹುಲ್ಲು ಹಳದಿ ತಿರುಗುತ್ತದೆ. ಕಣಜದ ತುಂಬ ಕಾಳಿದ್ದರೂ ಬೀಗದ ಕೈ ಸೂಕ್ಷ್ಮಜೀವಿಗಳ ಹತ್ತಿರ. ಸತ್ತ ಬೇರು ಕೊಳೆಸುವ ಭರದಲ್ಲಿ ಬಿಡುಗಡೆಯಾದ ಸಾರಜನಕವನ್ನು ಅವೇ ನುಂಗಿಕೊಳ್ಳುತ್ತವೆ. ಇತ್ತ ಪ್ರತಿ ಟನ್ ಒಣಹುಲ್ಲು ಕೊಯ್ದು ಸಾಗಿಸಿದಾಗಲೂ ಸುಮಾರು 16 ಕಿಲೋ ಸಾರಜನಕ ಹೊಲದಾಚೆ ಹೋಗುತ್ತದೆ. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಚೀಲ ಯೂರಿಯಾ.

ರಂಜಕದ ಕತೆ ಬೇರೆ. ಅದನ್ನು ಹೇಳಲೆಂದೇ ಅಜ್ಜ ನನ್ನನ್ನು ಅಡುಗೆಮನೆಗೆ ಕರೆದರು. ಕಿಟಕಿಯ ಅಂಚಿನಲ್ಲಿ, ಟೊಮೆಟೊ ಸಸಿಗಳ ನಡುವೆ, ಹಳದಿಗಟ್ಟಿದ ಒಂದು ಮೂಳೆಯ ಗೆಣ್ಣು. ಕಾಡೆಮ್ಮೆಯಂಥ ದೈತ್ಯ ಪ್ರಾಣಿ ಬೈಸನ್ನಿನದು. ಮೇಲೆ ಸಣ್ಣ ಸಣ್ಣ ತೂತು, ಕೈಗೆತ್ತಿಕೊಂಡರೆ ನಿರೀಕ್ಷಿಸಿದ್ದಕ್ಕಿಂತ ಹಗುರ. ಈ ಹುಲ್ಲು ಮೇಯುತ್ತಿದ್ದ ಲಕ್ಷಾಂತರ ಬೈಸನ್‌ಗಳನ್ನು 1880ರ ದಶಕದ ಹೊತ್ತಿಗೆ ಬೇಟೆಯಾಡಿ ಮುಗಿಸಿಯಾಗಿತ್ತು. ಉಳಿದದ್ದು ಬಯಲ ತುಂಬ ಬಿಳಿ ಮೂಳೆ. ಇಂದು ರೆಜೈನಾ, ಅಂದರೆ ರಾಣಿ, ಎನಿಸಿಕೊಂಡ ಪ್ರಾಂತ್ಯದ ರಾಜಧಾನಿಗೆ 1882ರವರೆಗೆ ಇದ್ದ ಹೆಸರಿನ ಅರ್ಥ ಮೂಳೆರಾಶಿ. ಮೂಲನಿವಾಸಿ ಕ್ರೀ ಜನ ಅಲ್ಲಿ ಬೈಸನ್ ಮೂಳೆ ಒಟ್ಟುತ್ತಿದ್ದರು. ರೈಲು ಬಂದದ್ದೇ ತಡ, ಮೇಟಿ ಜನರೂ ಹೊಸದಾಗಿ ಬಂದ ಒಕ್ಕಲಿಗರೂ ಗಾಡಿಗಾಡಿ ಮೂಳೆ ಆಯ್ದು ನಿಲ್ದಾಣಕ್ಕೆ ಸುರಿದರು. ಟನ್ನಿಗೆ ಕೆಲವೇ ಡಾಲರ್. ಅಮೆರಿಕದ ಕಾರ್ಖಾನೆಗಳಲ್ಲಿ ಒಂದಷ್ಟು ಮೂಳೆ ಸುಟ್ಟು ಇದ್ದಿಲಾಗಿ ಸಕ್ಕರೆ ಬಿಳುಪು ಮಾಡಿತು, ಒಂದಷ್ಟು ಗೊಬ್ಬರವಾಗಿ ಬೇರೆಯವರ ಹೊಲ ಸೇರಿತು. ಮೂಳೆ ಅಂದರೆ ರಂಜಕ. ಹುಲ್ಲು ಕಷ್ಟಪಟ್ಟು ಮೇಲೆತ್ತಿದ್ದ ರಂಜಕ ಹೀಗೆ ರೈಲು ಹತ್ತಿತು.

ಮುಂದೆ ಅದನ್ನು ಚೀಲದಲ್ಲಿ ಕೊಂಡು ತರುವ ಕಾಲ ಬಂತು. ಪಶ್ಚಿಮದ ಟ್ರೇಲ್ ಊರಿನ ಲೋಹದ ಕುಲುಮೆಯ ಹೊಗೆ ಗಡಿಯಾಚೆ ಅಮೆರಿಕದ ರೈತರ ಬೆಳೆ ಸುಟ್ಟು ದೊಡ್ಡ ವ್ಯಾಜ್ಯವಾಗಿತ್ತು. ಆ ಗಂಧಕದ ಹೊಗೆ ಹಿಡಿದು ಆಮ್ಲ ಮಾಡಿ, ಆಮ್ಲದಿಂದ 1930ರ ದಶಕದಲ್ಲಿ ರಂಜಕದ ಗೊಬ್ಬರ ಮಾಡಿದರು. ಅದರ ಹೆಸರು ‘ಎಲಿಫೆಂಟ್ ಬ್ರ್ಯಾಂಡ್’. ಆನೆಯನ್ನೇ ಕಾಣದ ಬಯಲಿಗೆ ಆನೆ ಮಾರ್ಕಿನ ಗೊಬ್ಬರ!

ಹಾಕುವ ರೀತಿಯಲ್ಲೇ ಇರುವುದು ಕೈಚಳಕ. ಸುಣ್ಣ ಹೆಚ್ಚಿರುವ ಆ ಮಣ್ಣಿನಲ್ಲಿ ರಂಜಕ ಬಿದ್ದ ಕಡೆಯಿಂದ ಬೆರಳಗಲ ಕದಲುವುದೇ ಕಷ್ಟ. ಹಾಗಾಗಿ ಹುಲ್ಲು ಬಿತ್ತುವ ಮುಂಚೆಯೇ ಸಾಲಿನಲ್ಲಿ ಆಳಕ್ಕೆ ಕೊಟ್ಟುಬಿಡಬೇಕು. ಒಮ್ಮೆ ಧಾರಾಳವಾಗಿ ಕೊಟ್ಟರೆ ವರ್ಷಗಟ್ಟಲೆ ನಡೆಯುತ್ತದೆ. ಸಾರಜನಕ ತದ್ವಿರುದ್ಧ, ಇಟ್ಟಲ್ಲಿ ನಿಲ್ಲದ್ದು. ಬೆಚ್ಚಗಿನ ದಿನ ಯೂರಿಯಾ ಎರಚಿ ಮಳೆ ಬಾರದಿದ್ದರೆ ಅಮೋನಿಯಾ ಆಗಿ ಗಾಳಿಪಾಲು. ಗಾಳಿಗೆ ಅಷ್ಟು ಸುಲಭವಾಗಿ ಹಾರದ ಅಮೋನಿಯಂ ನೈಟ್ರೇಟ್ ಹುಲ್ಲಿಗೆ ಹೇಳಿ ಮಾಡಿಸಿದ್ದು, ಆದರೆ ಅದರಿಂದ ಬಾಂಬ್ ಮಾಡಿಯಾರೆಂಬ ಭಯಕ್ಕೆ ಅದು ಅಂಗಡಿಯಿಂದಲೇ ಮಾಯವಾಯಿತು. ಹೆಚ್ಚು ಹಾಕಿದ ಮೇಲೆ ಬರ ಬಡಿದರೆ ಇನ್ನೊಂದು ಪೀಡೆ: ಹುಲ್ಲಿನಲ್ಲಿ ನೈಟ್ರೇಟ್ ಶೇಖರವಾಗಿ, ತಿಂದ ದನದ ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿ, ಉಸಿರು ಕಟ್ಟುತ್ತದೆ.

ಇನ್ನುಳಿದದ್ದು ಪೊಟ್ಯಾಷ್. ನಮ್ಮ ಸೊಸೈಟಿಗಳಲ್ಲಿ ಸಿಗುವ ಕೆಂಪು ಪೊಟ್ಯಾಷ್‌ನ ಒಂದು ಪಾಲು ಬರುವುದು ಇದೇ ಸಸ್ಕಾಚೆವಾನ್‌ನ ಸುಮಾರು ಒಂದು ಕಿಲೋಮೀಟರ್ ಆಳದ ಗಣಿಗಳಿಂದ. ಮೇಲಿನ ಹುಲ್ಲಿಗೆ ಮಾತ್ರ ಸಾಮಾನ್ಯವಾಗಿ ಅದರ ಹಂಗಿಲ್ಲ.

ಗೊಬ್ಬರದ ದುಡ್ಡೆಲ್ಲ ಈಗ ಕನೋಲಾ ಎಂಬ ಎಣ್ಣೆಕಾಳಿಗೆ, ಗೋಧಿಗೆ. ಹುಲ್ಲಿಗೆ ಏನಾದರೂ ಮಿಕ್ಕರೆ ಉಂಟು. ಜಾಣರು ಹುಲ್ಲಿನ ಜೊತೆ ಕುದುರೆಮಸಾಲೆ ಬಿತ್ತಿ, ಗಾಳಿಯ ಸಾರಜನಕ ಹಿಡಿಯುವ ಕೆಲಸ ಅದಕ್ಕೇ ಬಿಡುತ್ತಾರೆ. ಅಜ್ಜನೂ ಹಾಗೇ ಮಾಡಬಹುದಿತ್ತು. ಅವರ ಮಗ ಹೇಳಿ ಹೇಳಿ ಸುಮ್ಮನಾಗಿದ್ದಾನೆ. ಪ್ರತಿ ವಸಂತದಲ್ಲೂ ಒಂದೇ ಒಂದು ಪಟ್ಟೆಗೆ ಗೊಬ್ಬರ ಹಾಕಿ, ಪಕ್ಕದ ಪಟ್ಟೆ ಹಾಗೇ ಬಿಟ್ಟು, ಎರಡೂ ಕೊಯ್ದು ತೂಗಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅವರ ಅಭ್ಯಾಸ. ಮಳೆ ಕೈಕೊಟ್ಟ ವರ್ಷ ಎರಡು ಅಂಕಿಗಳೂ ಹೆಚ್ಚುಕಡಿಮೆ ಒಂದೇ. ಅಂಥ ವರ್ಷದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ.

ಹೊರಡುವಾಗ ಮೂಳೆಯನ್ನು ವಾಪಸು ಕಿಟಕಿಯಲ್ಲಿಟ್ಟೆ. ರೈಲು ತಪ್ಪಿಸಿಕೊಂಡದ್ದು ಅಂತ ಅಜ್ಜ ಅದನ್ನು ಕರೆಯುವುದು. ಆಮೇಲೆ ಹೊರಗೆ ಬಂದು, ಅಗೆದ ಹೆಂಟೆಯನ್ನು ಅದೇ ಗುಂಡಿಗೆ ಕೂರಿಸಿ, ಬೂಟಿನಿಂದ ಮೆಲ್ಲಗೆ ತುಳಿದು, ಪಡುವಣದ ಕಡೆ ನೋಡಿದರು. ಮೋಡವಿರಲಿಲ್ಲ.