ಬಿಪಿ ಸರಿಯಿದ್ದರೂ ಸಿಸ್ಟರ್‌ಗೆ ಅನುಮಾನ

ರೋಗಿಯ ಕಡೆಯವರು ಮಾನಿಟರಿನಲ್ಲಿ ಮೊದಲು ಹುಡುಕುವುದು ಬಿಪಿಯನ್ನು. ಪಳಗಿದ ನರ್ಸ್ ಮೊದಲು ನೋಡುವುದು ರೋಗಿಯ ಎದೆಯನ್ನು, ಅದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುತ್ತಿದೆ ಎಂದು.

ಸೋಂಕೋ ರಕ್ತಸ್ರಾವವೋ ಮೈಯನ್ನು ಕಂಗೆಡಿಸಿದಾಗ ಹೃದಯ ವೇಗ ಹೆಚ್ಚಿಸಿಕೊಳ್ಳುತ್ತದೆ. ಆಮ್ಲಜನಕ ಸಾಲದೆ ರಕ್ತದಲ್ಲಿ ಆಮ್ಲ ಏರತೊಡಗಿದರೆ, ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಹೊರಹಾಕಿ ಅದನ್ನು ಸರಿದೂಗಿಸಲು ಉಸಿರು ಚುರುಕಾಗುತ್ತದೆ. ಈ ಹೊಂದಾಣಿಕೆ ನಡೆಯುವಷ್ಟು ಹೊತ್ತು ಬಿಪಿ ಅಷ್ಟಾಗಿ ಬೀಳುವುದಿಲ್ಲ. ಕೂಡಿಟ್ಟ ದುಡ್ಡಿನಲ್ಲಿ ಸಾಗುವ ಸಂಸಾರದ ಹಾಗೆ, ಹೊರಗಿನವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ವಾರ್ಡಿನಲ್ಲಿರುವ ಒಬ್ಬ ರೋಗಿಯನ್ನು ಊಹಿಸಿಕೊಳ್ಳಿ. ಉಸಿರು ನಿಮಿಷಕ್ಕೆ 24, ನಾಡಿ 112, ಮೇಲಿನ ಬಿಪಿ 108, ಜ್ವರ 38.4 ಡಿಗ್ರಿ ಸೆಲ್ಸಿಯಸ್, ಬೆರಳಿನ ಆಕ್ಸಿಮೀಟರಿನಲ್ಲಿ ಶೇ 95. ಮಾತಾಡಿಸಿದರೆ ಸರಿಯಾಗಿಯೇ ಉತ್ತರಿಸುತ್ತಾರೆ. ಒಂದೊಂದನ್ನೇ ನೋಡಿದರೆ ಯಾವುದೂ ಗಾಬರಿ ಹುಟ್ಟಿಸುವುದಿಲ್ಲ. ಆದರೆ ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಎಂಬ ಮುನ್ನೆಚ್ಚರಿಕೆ ಅಂಕಪದ್ಧತಿಯಲ್ಲಿ ಆ ಉಸಿರಿಗೆ 2, ನಾಡಿಗೆ 2, ಉಳಿದ ಮೂರಕ್ಕೆ ತಲಾ 1. ಒಟ್ಟು 7. ಏಳು ಮುಟ್ಟಿತೆಂದರೆ ತುರ್ತು ತಂಡಕ್ಕೆ ಕರೆ ಹೋಗಬೇಕು. ಉಸಿರನ್ನು ಎಣಿಸದೆ ಅಂದಾಜಿಗೆ 20 ಎಂದು ಚಾರ್ಟಿನಲ್ಲಿ ಗೀಚಿದ್ದರೆ ಅಂಕ 5ಕ್ಕೆ ಇಳಿಯುತ್ತಿತ್ತು. ಗಡಿಯಾರ ನೋಡುತ್ತ ಉಸಿರು ಎಣಿಸುವ ಕೆಲಸವನ್ನು ಹೊಸಬರ ಪಾಲಿನ ಚಾಕರಿ ಎಂದುಕೊಳ್ಳುವ ರೂಢಿ ಎಷ್ಟು ಅಪಾಯಕಾರಿ, ನೋಡಿ.

ಐಸಿಯುವಿನಲ್ಲೂ ಕೈಯ ಪರೀಕ್ಷೆಗೆ ಬೆಲೆ ಇದೆ. ಬೆರಳ ತುದಿಯನ್ನು ಹತ್ತು ಸೆಕೆಂಡು ಒತ್ತಿ ಬಿಟ್ಟಾಗ ಬಣ್ಣ ಮರಳಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ಅಂಚಿನವರೆಗೆ ಸರಿಯಾಗಿ ಹರಿಯುತ್ತಿಲ್ಲ ಎಂದರ್ಥ. ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ‘ಆಂಡ್ರೊಮಿಡಾ-ಶಾಕ್’ ಪ್ರಯೋಗ, ಸೋಂಕಿನಿಂದ ಶಾಕ್‌ಗೆ ಒಳಗಾದ 424 ಮಂದಿಯಲ್ಲಿ ಇದನ್ನು ರಕ್ತದ ಲ್ಯಾಕ್ಟೇಟ್ ಪರೀಕ್ಷೆಯ ಎದುರು ಇಟ್ಟು ನೋಡಿತು. 28 ದಿನಗಳಲ್ಲಿ ಸತ್ತವರು ಬೆರಳು ಒತ್ತಿ ನೋಡಿದ ಗುಂಪಿನಲ್ಲಿ ಶೇ 34.9, ಲ್ಯಾಕ್ಟೇಟ್ ಗುಂಪಿನಲ್ಲಿ ಶೇ 43.4. ಸಂಖ್ಯಾಶಾಸ್ತ್ರದ ಕಟ್ಟುನಿಟ್ಟಿಗೆ ಈ ಅಂತರ ಕೂದಲೆಳೆಯಲ್ಲಿ ಸಾಲದೆ ಹೋಯಿತು. ಆದರೂ ಖರ್ಚಿಲ್ಲದ, ಅರ್ಧ ಗಂಟೆಗೊಮ್ಮೆ ಮಾಡಬಹುದಾದ ಪರೀಕ್ಷೆಯೊಂದನ್ನು ಬದಿಗೆ ಸರಿಸಲಾಗದು ಎಂಬುದಂತೂ ತಿಳಿಯಿತು.

“ಯಾಕೋ ಇವರು ಸರಿ ಕಾಣ್ತಿಲ್ಲ ಡಾಕ್ಟ್ರೇ” ಎಂಬ ಮಾತಿಗೂ ಶಾಸ್ತ್ರವಿದೆ. ಅನುಭವಿ ನರ್ಸ್‌ಗಳ ಇಂಥ ಒಳಅರಿವನ್ನು ಅಮೆರಿಕದ ಪೆಟ್ರೀಷಿಯಾ ಬೆನ್ನರ್ 1984ರಲ್ಲೇ ಪುಸ್ತಕವಾಗಿ ವಿವರಿಸಿದರು. ನೂರಾರು ರೋಗಿಗಳನ್ನು ಕಂಡ ಕಣ್ಣು ಹೊಸ ರೋಗಿಯನ್ನು ಕ್ಷಣದಲ್ಲಿ ತೂಗಿ ನೋಡುತ್ತದೆ, ಅಷ್ಟೇ, ಪವಾಡವೇನಲ್ಲ. ಅದು ತಪ್ಪುವುದೂ ಉಂಟು. ಮೊದಲು ಹೊಳೆದ ಕಾರಣಕ್ಕೇ ಅಂಟಿಕೊಳ್ಳುವುದು ಒಂದು ದಾರಿ, ದಿನವಿಡೀ ಸುಮ್ಮಸುಮ್ಮನೆ ಕೂಗುವ ಅಲಾರಂಗಳಿಗೆ ಕಿವಿ ಮಂದವಾಗುವುದು ಇನ್ನೊಂದು. ಹಾಗಾಗಿಯೇ ಅನುಮಾನ ಬಂದ ನರ್ಸ್ ಅಂಕಿಗಳನ್ನು ಮತ್ತೆ ಅಳೆದು, ಎರಡು ಗಂಟೆ ಹಿಂದಿನದರ ಜತೆ ಹೋಲಿಸಿ, ಆಮೇಲೆ ಫೋನ್ ಎತ್ತುತ್ತಾರೆ.

ನಿಮ್ಮವರು ಒಳಗಿದ್ದರೆ ನೀವೂ ಒಂದು ಸಹಾಯ ಮಾಡಬಹುದು. “ಅಪ್ಪ ಯಾವತ್ತೂ ಹೀಗೆ ತಡವರಿಸಿ ಮಾತಾಡಿದವರಲ್ಲ” ಎಂದು ನಿಮಗನಿಸಿದರೆ, ಸಂಕೋಚಪಡದೆ ಆಗಲೇ ಸಿಸ್ಟರ್‌ಗೆ ಹೇಳಿ. ಅವರ ದಿನನಿತ್ಯದ ಮಾತು ಹೇಗಿರುತ್ತದೆಂದು ಗೊತ್ತಿರುವುದು ನಿಮಗೆ ಮಾತ್ರ.